ಹಳೆಯ ವಾಹನದಲ್ಲಿ ಕಾರ್ಬ್ಯುರೇಟರ್ ಬೋಲ್ಟುಗಳು ಅದುರಿ ಸಡಿಲವಾಗದಂತೆ ಮಾಡುವುದು ಹೇಗೆ?

ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ಸಂದು ಮುಚ್ಚುವ ಪದರವಾದ ಗ್ಯಾಸ್ಕೆಟ್ಟನ್ನು ಹೊಸದಾಗಿ ಹಾಕಿ, ಬೋಲ್ಟುಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಸಮನಾಗಿ ಬಿಗಿದು, ಎಂಜಿನ್ ಕೆಲವು ಬಾರಿ ಕಾದು ತಣ್ಣಗಾದ ಮೇಲೆ ಮತ್ತೊಮ್ಮೆ ಅದೇ ಬಿಗಿತಕ್ಕೆ ತರುವುದೇ ಮುಖ್ಯ ಪರಿಹಾರ. ಥ್ರೆಡ್ಡಿಗೆ ಹಚ್ಚುವ ಲಾಕಿಂಗ್ ಅಂಟು ಅದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಬಿಗಿದ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಎಳೆದ ಸ್ಪ್ರಿಂಗಿನಂತೆ ಎರಡು ಭಾಗಗಳನ್ನು ಒತ್ತಿ ಹಿಡಿದಿರುತ್ತದೆ. ಗ್ಯಾಸ್ಕೆಟ್ ಮೆತ್ತಗಿನ ವಸ್ತುವಾದ್ದರಿಂದ ಶಾಖಕ್ಕೂ ಒತ್ತಡಕ್ಕೂ ಕ್ರಮೇಣ ತೆಳ್ಳಗಾಗುತ್ತದೆ; ಆಗ ಬೋಲ್ಟಿನ ಹಿಗ್ಗು ಕಡಿಮೆಯಾಗಿ ಹಿಡಿತ ತಪ್ಪುತ್ತದೆ, ಅದುರಿದಾಗಲೆಲ್ಲ ಭಾಗಗಳು ಅಡ್ಡಡ್ಡ ಜಾರತೊಡಗುತ್ತವೆ, ಪ್ರತಿ ಜಾರಿಕೆಗೂ ಬೋಲ್ಟು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಿರುಗುತ್ತದೆ. ಬೋಲ್ಟಿನ ತಲೆಯಡಿ ಹಾಕುವ, ಒಂದು ಕಡೆ ಸೀಳಿರುವ ಸ್ಪ್ರಿಂಗ್ ವಾಷರ್ ಇಂಥ ಅಡ್ಡ ಚಲನೆಯನ್ನು ತಡೆಯಲಾರದು. ಅದರ ಮೇಲೆ ಜನರಿಗಿರುವ ನಂಬಿಕೆ ಅತಿಯಾದದ್ದೆಂದೇ ನನ್ನ ಅಭಿಪ್ರಾಯ.

ಅಂಟು ಬಳಸುವುದಾದರೆ, ಕೈ ಉಪಕರಣದಿಂದ ಬಿಚ್ಚಬಹುದಾದ ಮಧ್ಯಮ ಶಕ್ತಿಯದನ್ನು, ಸಾಮಾನ್ಯವಾಗಿ ನೀಲಿ ಬಣ್ಣದ್ದನ್ನು, ಗ್ಯಾಸ್ಕೆಟ್ ಕುಳಿತ ನಂತರ ಒಂದೊಂದೇ ಬೋಲ್ಟನ್ನು ತೆಗೆದು, ಜಿಡ್ಡು ಒರೆಸಿ, ಒಂದು ಹನಿಯಷ್ಟು ಹಚ್ಚಬೇಕು. ಅಂಟು ಗಟ್ಟಿಯಾದ ಮೇಲೆ ಮತ್ತೆ ತಿರುಗಿಸಿದರೆ ಅದರ ಹಿಡಿತ ಒಡೆಯುತ್ತದೆ. ತಾನಾಗಿ ಸಡಿಲವಾಗದ ಲಾಕ್ ನಟ್ಟು ಬಳಸುವುದಾದರೆ, ಒಳಗೆ ನೈಲಾನ್ ಉಂಗುರವಿರುವ ನಟ್ಟುಗಳು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಸೂಕ್ತವಾದ್ದರಿಂದ, ಎಗ್ಸಾಸ್ಟಿನ ಸಮೀಪ ಪೂರ್ತಿ ಲೋಹದ ಲಾಕ್ ನಟ್ಟು ಒಳ್ಳೆಯದು.

ಹೆದರಿ ಅತಿಯಾಗಿ ಬಿಗಿಯಬಾರದು: ಕಾರ್ಬ್ಯುರೇಟರಿನ ಮೃದು ಲೋಹದ ಅಂಚು ಬಾಗಿ, ಆ ಸಂದಿನಿಂದ ಗಾಳಿ ಒಳನುಗ್ಗುತ್ತದೆ. ಈಗಾಗಲೇ ಬಾಗಿದ್ದರೆ ಅದನ್ನು ಸಮತಟ್ಟು ಮಾಡಿಸುವವರೆಗೆ ಯಾವ ಬೋಲ್ಟೂ ನಿಲ್ಲದು.