3 ಎಕರೆ, 500 ಮೊಟ್ಟೆ, ಸ್ವಂತ ರೀಲಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಶಿಡ್ಲಘಟ್ಟ ಕಡೆಯ ತಮ್ಮ ಕೇಳಿರೋದು ಇಷ್ಟು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ, 3 ಎಕರೆ ಜಮೀನಿದೆ, ಒಂದು ಬೋರ್‌ವೆಲ್ ಇದೆ. ಸಾಲ ತಗೊಂಡು 100 ಅಡಿ ಉದ್ದದ ಹುಳುಮನೆ ಕಟ್ಟಿ ಮೊದಲ ಬೆಳೆಗೇ 500 ಮೊಟ್ಟೆ (ಒಂದು ಮೊಟ್ಟೆ ಅಂದರೆ ಒಂದು ರೇಷ್ಮೆ ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಅದರಿಂದ 400ರಷ್ಟು ಹುಳು) ಮೇಯಿಸಬೇಕು, ಮುಂದಿನ ವರ್ಷ ಗೂಡಿನಿಂದ ನೂಲು ತೆಗೆಯೋ ರೀಲಿಂಗ್ ಘಟಕ, ಐದು ವರ್ಷದಲ್ಲಿ ಸ್ವಂತ ಹೆಸರಿನ ರೇಷ್ಮೆ. ಮನೆಯವರು 50 ಮೊಟ್ಟೆಯಿಂದ ಶುರು ಮಾಡು ಅಂತಾರೆ, ಏನು ಮಾಡಲಿ ಅಂತ ಪ್ರಶ್ನೆ.

ತಮ್ಮ, ಆಸೆ ಕಡಿಮೆ ಮಾಡ್ಕೋಬೇಡಿ. ವರ್ಷಕ್ಕೆ 2,500 ಮೊಟ್ಟೆ ಮೇಯಿಸೋದು 3 ಎಕರೆಗೆ ದೊಡ್ಡ ಮಾತೇನಲ್ಲ. ಆದರೆ ಅದನ್ನ 500ರ ಐದು ಬೆಳೆಯಾಗಿ ಮಾಡಬಹುದು, 250ರ ಹತ್ತು ಬೆಳೆಯಾಗಿಯೂ ಮಾಡಬಹುದು. ಎರಡನೆಯದಕ್ಕೆ ಅರ್ಧ ಶೆಡ್ ಸಾಕು, ಅರ್ಧ ಆಳು ಸಾಕು, ಒಂದು ಬೆಳೆ ಕೆಟ್ಟರೆ ಹೋಗೋದೂ ಅರ್ಧವೇ. ಮೊದಲು ಲೆಕ್ಕ ನೋಡಿ.

ದ್ವಿತಳಿ (ಬಿಳಿ ಗೂಡಿನ ಬೈವೋಲ್ಟೈನ್) ಹುಳುವಾದರೆ 100 ಮೊಟ್ಟೆಗೆ ಸುಮಾರು 1,100ರಿಂದ 1,200 ಕೆ.ಜಿ. ಹಿಪ್ಪುನೇರಳೆಯ ಬರೀ ಎಲೆ ಬೇಕು. ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ತಿನ್ನೋದು ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲಿನ ಆರೇಳು ದಿನದಲ್ಲಿ. 500 ಮೊಟ್ಟೆಗೆ ಒಟ್ಟು 5.5ರಿಂದ 6 ಟನ್ ಆಯ್ತು. ಕೊನೆಯ ಎರಡು ಮೂರು ದಿನ ದಿನಕ್ಕೆ ಹತ್ತಿರ ಹತ್ತಿರ ಒಂದು ಟನ್ ಎಲೆ, ಕಡ್ಡಿ ಸೇರಿದರೆ ಒಂದೂವರೆ ಟನ್ ಮೀರುತ್ತೆ. ಅಷ್ಟನ್ನ ಕುಯ್ದು, ಹೊತ್ತು ತಂದು, ನೆರಳಲ್ಲಿ ಇಟ್ಟು, ಹೊತ್ತಿಗೆ ಸರಿಯಾಗಿ ಹಾಕೋ ಕೈ ಮನೆಯಲ್ಲಿ ಎಷ್ಟಿವೆ ಎಣಿಸಿ.

ನೀರು, ಗೊಬ್ಬರ ಚೆನ್ನಾಗಿ ಬಿದ್ದ ವಿ-1 ತಳಿಯ ಹಿಪ್ಪುನೇರಳೆ ತೋಟ ಎಕರೆಗೆ ಒಂದು ಬೆಳೆಗೆ 4 ಟನ್ ಎಲೆ ಕೊಡುತ್ತೆ. ನಾಟಿ ಮಾಡಿದ ಮೊದಲ ವರ್ಷ ಅದರ ಅರ್ಧ ಬಂದರೂ ದೊಡ್ಡದು. ಅಂದರೆ 3 ಎಕರೆಯಿಂದ 6 ಟನ್ ಒಳಗೆ. ಕಾಗದದ ಮೇಲೆ 500 ಮೊಟ್ಟೆಗೆ ಸರಿಹೋಗುತ್ತೆ, ಒಂದು ಹೊರೆಯೂ ಮಿಗಲ್ಲ. ಏಪ್ರಿಲ್‌ನಲ್ಲಿ ಬೋರ್ ಸ್ವಲ್ಪ ಕೈಕೊಟ್ಟರೆ ಹೊರಗಿನ ಸೊಪ್ಪೇ ಗತಿ. ಕೊಂಡ ಸೊಪ್ಪು ಗಂಟು ಕಟ್ಟಿ ಗಾಡಿಯಲ್ಲಿ ಬರೋಷ್ಟರಲ್ಲಿ ಒಳಗೇ ಕಾವು ಬಂದಿರುತ್ತೆ, ಏನು ಔಷಧಿ ಹೊಡೆದಿದ್ದಾರೆ ಅಂತ ಹೇಳೋರಿಲ್ಲ. ಕೊನೆಯ ಹಂತದಲ್ಲಿ ಹಸಿದ ಹುಳು, ಬಾಡಿದ ಎಲೆ, ಅದರ ಮೇಲೆ ಸೆಕೆ ಸೇರಿದರೆ ಹುಳು ಮೆತ್ತಗಾಗಿ ಸಾಯೋ ಸಪ್ಪೆ ರೋಗ ಬಂತು ಅಂತಲೇ ತಿಳ್ಕೊಳ್ಳಿ. ಬದುಕಿದ ಹುಳು ಕಟ್ಟಿದ ಗೂಡೂ ತೆಳು, ಹರಾಜಿನಲ್ಲಿ ದರ ಏಳೋಲ್ಲ.

ಹಾಗಾಗಿ ಮೊದಲ ದುಡ್ಡು ಶೆಡ್ಡಿಗಲ್ಲ, ತೋಟಕ್ಕೆ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಜೋಡಿ ಸಾಲು, 5 ಅಡಿ ಮತ್ತು 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಹಾಕಿದರೆ ಎಕರೆಗೆ 5,445 ಗಿಡ ಕೂರುತ್ತೆ, ಹನಿ ಪೈಪ್ ಜೋಡಿಗೆ ಒಂದೇ ಸಾಕು. 3 ಎಕರೆಯನ್ನ ಒಂದೂವರೆ ಎಕರೆಯ ಎರಡು ತಾಕು ಮಾಡಿ. ಮೊದಲ ತಾಕು ಈಗ, ಎರಡನೆಯದು ಮೂರು ನಾಲ್ಕು ತಿಂಗಳು ಬಿಟ್ಟು. ಅಷ್ಟರಲ್ಲಿ ಬೋರ್ ಬೇಸಿಗೆಯಲ್ಲಿ ಎಷ್ಟು ತಡೆಯುತ್ತೆ ಅನ್ನೋದೂ ಗೊತ್ತಾಗಿರುತ್ತೆ. ಮುಂದೆ ಒಂದು ತಾಕು ಕುಯ್ದು 60-65 ದಿನಕ್ಕೆ ಮತ್ತೆ ಸೊಪ್ಪಿಗೆ ಬರುತ್ತೆ, ನಡುವೆ ಇನ್ನೊಂದು ತಾಕು. ಎರಡನೇ ಜ್ವರ ಎದ್ದ ಚಾಕಿ ಹುಳು (ಬೇರೆಯವರು ಸಾಕಿ ಕೊಡೋ ಎಳೆ ಹುಳು) ತಂದರೆ ಹಣ್ಣಾಗೋಕೆ, ಅಂದರೆ ಗೂಡು ಕಟ್ಟೋ ಹದಕ್ಕೆ ಬರೋಕೆ 18 ದಿನ, ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟೋ ತಟ್ಟಿ) 7 ದಿನ, ತೊಳೆದು ಔಷಧಿ ಹೊಡೆಯೋಕೆ 5 ದಿನ. ತಿಂಗಳಿಗೆ ಒಂದು ಬೆಳೆ, ಹುಳುಮನೆ ಖಾಲಿ ಕೂರೋಲ್ಲ. 500ರ ಮನೆಯಾದರೆ ಒಂದು ಬೆಳೆ ಆದ ಮೇಲೆ ಮುಂದಿನ ಸೊಪ್ಪಿನವರೆಗೂ ಬೀಗ, ಬಡ್ಡಿಗೆ ಮಾತ್ರ ಬೀಗ ಇಲ್ಲ.

ಹುಳುಮನೆ 50×20 ಅಡಿ ಸಾಕು, ಉದ್ದ ಪೂರ್ವ-ಪಶ್ಚಿಮ. 5 ಅಡಿ ಅಗಲ, 40 ಅಡಿ ಉದ್ದ, 4 ಅಂತಸ್ತಿನ ಎರಡು ಸ್ಟ್ಯಾಂಡ್ ಹಾಕಿದರೆ 1,600 ಚದರಡಿ ಹಾಸಿಗೆ ಸಿಗುತ್ತೆ. ಕೊನೆಯ ಹಂತದಲ್ಲಿ 100 ಮೊಟ್ಟೆಗೆ 600 ಚದರಡಿ ಲೆಕ್ಕ ಇಟ್ಟರೆ 250ಕ್ಕೆ 1,500. ಒಂದು ಕೊನೆಯ ಗೋಡೆಯನ್ನ ಮುಂದೆ ಒಡೆದು ಉದ್ದ ಮಾಡೋ ಹಾಗೆ ಬಿಡಿ, ಆ ಕಡೆ ಜಾಗದಲ್ಲಿ ಬೇರೇನೂ ಕಟ್ಟಬೇಡಿ. ನಿಮ್ಮ 100 ಅಡಿ ಆಸೆ ಹಾಗೇ ಉಳಿಯುತ್ತೆ, ಅದರ ಸಾಲ ಮಾತ್ರ ಮುಂದಕ್ಕೆ ಹೋಗುತ್ತೆ. ಬಾಗಿಲ ಹೊರಗೆ ಚಿಕ್ಕ ಮುಂಗೋಣೆ, ಎರಡು ಬಾಗಿಲಿಗೂ ಕಿಟಕಿಗೂ ನೈಲಾನ್ ಬಲೆ. ಬಲೆಯಲ್ಲಿ ಒಂದು ತೂತಿದ್ದರೂ ಊಜಿ ನೊಣ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆ ಇಡುತ್ತೆ, ಅದರ ಮರಿ ತೂತು ಮಾಡಿ ಹೊರಬಂದ ಗೂಡು ನೂಲಿಗೆ ಬರೋಲ್ಲ. ಸಹಾಯಧನದ ವಿಚಾರ ಪಾಯ ತೋಡೋಕೆ ಮುಂಚೆಯೇ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ.

ಔಷಧಿ ವಿಚಾರದಲ್ಲಿ ಹೊಸಬರು ಕೈ ಬಿಗಿ ಹಿಡಿಯೋದು ಜಾಸ್ತಿ. 100 ಲೀಟರ್ ನೀರಿಗೆ 2 ಕೆ.ಜಿ. ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ. 1,000 ಚದರಡಿ ನೆಲದ ಮನೆಗೆ 140 ಲೀಟರ್ ಬೇಕು, ಸ್ಟ್ಯಾಂಡ್, ಚಂದ್ರಿಕೆಗೆ ಅದರ ಮೇಲೆ ಇನ್ನೂ ಕಾಲು ಭಾಗ. ಪೌಡರ್ ಹೊಸದಾಗಿರಲಿ. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದಕ್ಕೆ ಶಕ್ತಿ ಇರೋಲ್ಲ, ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯಬೇಕು. ಪ್ರತಿ ಜ್ವರ ಎದ್ದಾಗ ಸೊಪ್ಪು ಹಾಕೋ ಅರ್ಧ ಗಂಟೆ ಮುಂಚೆ ರೋಗ ತಡೆಯೋ ವಿಜೇತ ಅಥವಾ ಅಂಕುಶ್ ಪುಡಿ ಹುಳುವಿನ ಮೇಲೆ ಉದುರಿಸಿ, ಕೊನೆಯ ಹಂತದ ನಾಲ್ಕನೇ ದಿನ ಇನ್ನೊಮ್ಮೆ. ಹಾಲುತೊಂಡೆ ರೋಗ (ಮೈ ಊದಿ ಹಾಲಿನಂಥ ನೀರು ಸುರಿಸುತ್ತೆ) ಬಂದ ಹುಳುವನ್ನ ಹಿತ್ತಲಿಗೆ ಎಸೆದರೆ ಕೋಳಿ ಕಾಲಿನಲ್ಲಿ ಮತ್ತೆ ಒಳಗೆ ಬರುತ್ತೆ. ಸುಣ್ಣ, ಬ್ಲೀಚಿಂಗ್ ಹಾಕಿದ ಬೋಸಿಗೆ ಆರಿಸಿ ಹಾಕಿ, ಆಮೇಲೆ ಹೂತುಬಿಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಗಂಡಾಂತರ ಪಕ್ಕದ ಹೊಲ. ಟೊಮೆಟೊ, ದ್ರಾಕ್ಷಿ, ಹೂವಿನ ತೋಟದವರು ಔಷಧಿ ಹೊಡೆದಾಗ ಗಾಳಿಗೆ ನಿಮ್ಮ ಸೊಪ್ಪಿನ ಮೇಲೂ ಬೀಳುತ್ತೆ. ಅಕ್ಕಪಕ್ಕದವರ ಹತ್ತಿರ ಹೋಗಿ, ಹೊಡೆಯೋ ದಿನ ಮುಂಚೆ ಹೇಳಿ ಅಂತ ಕೇಳ್ಕೊಳ್ಳಿ. ಬೇಲಿ ಕಡೆಯ ಸಾಲಿನ ಸೊಪ್ಪನ್ನ ಹಾಕೋ ಹಿಂದಿನ ದಿನ 25-30 ಹುಳುವನ್ನ ಬೇರೆ ತಟ್ಟೆಗೆ ತೆಗೆದು ಅದನ್ನ ತಿನ್ನಿಸಿ ನೋಡಿ. ವಿಷ ಇದ್ದರೆ ಹುಳು ತಿನ್ನೋದು ನಿಲ್ಲಿಸಿ ತಲೆ ಎತ್ತಿ ಆಡಿಸುತ್ತೆ, ಬಾಯಿಂದ ಹಸಿರು ನೀರು ಕಕ್ಕುತ್ತೆ, ಮೈ ಮುದುರಿ ಕುಗ್ಗುತ್ತೆ. ಆ ತಟ್ಟೆ ಸರಿಯಾಗಿದ್ದರೆ ಮಾತ್ರ ಸ್ಟ್ಯಾಂಡಿಗೆ. ಈ ಒಂದು ಕೆಲಸ ಬಿಟ್ಟರೆ ಒಂದು ಹೊತ್ತಿನ ಸೊಪ್ಪಿನಲ್ಲಿ ಇಡೀ ಬೆಳೆ ಹೋಗುತ್ತೆ.

ಎಷ್ಟರಿಂದ ಶುರು ಅಂದರೆ, ಮನೆಯವರ ಮಾತು ಮೊದಲ ಬೆಳೆಗೆ ಸರಿ. 50 ಮೊಟ್ಟೆ. ಎರಡನೆಯದು 100. ಅಲ್ಲಿಂದ ಮುಂದೆ 100 ಮೊಟ್ಟೆಗೆ 60 ಕೆ.ಜಿ. ಗೂಡು ಸತತ ಎರಡು ಬೆಳೆ ಬಂದರೆ 50 ಮೊಟ್ಟೆ ಏರಿಸಿ, ಬರದಿದ್ದರೆ ಅಲ್ಲೇ ನಿಲ್ಲಿ. ಪ್ರತಿ ಬೆಳೆಗೂ ಒಂದು ಪುಟ ಇಡಿ: ಚಾಕಿ ತಂದ ದಿನ, ದಿನಕ್ಕೆ ಹಾಕಿದ ಸೊಪ್ಪಿನ ತೂಕ, ಆಳು, ಆರಿಸಿ ತೆಗೆದ ರೋಗದ ಹುಳು, ಗೂಡಿನ ತೂಕ, ಸಿಕ್ಕ ದರ. ಯಾವ ಹೊತ್ತಿನ ಸೊಪ್ಪು ಕಡಿಮೆ ಬಿತ್ತು ಅಂತ ಆ ಪುಟವೇ ತೋರಿಸುತ್ತೆ.

ಚಂದ್ರಿಕೆ ಲೆಕ್ಕ ತುಂಬಾ ಜನ ಮರೀತಾರೆ. 6×4 ಅಡಿಯದಕ್ಕೆ ಸಾವಿರ ಹುಳು. 100 ಮೊಟ್ಟೆ ಅಂದರೆ 40 ಸಾವಿರ ಹುಳು, 40 ಚಂದ್ರಿಕೆ. 500 ಮೊಟ್ಟೆ ಒಂದೇ ದಿನ ಹಣ್ಣಾದರೆ 200 ಚಂದ್ರಿಕೆ, 2 ಲಕ್ಷ ಹುಳು ಆರಿಸೋ ಕೈಗಳು! ಹಣ್ಣಾದ ಹುಳು ಕಾಯೋಲ್ಲ, ಸೊಪ್ಪಿನ ಕಡ್ಡಿಯಲ್ಲೇ ನೂಲು ಬಿಟ್ಟು ವ್ಯರ್ಥ ಮಾಡುತ್ತೆ. ಇಕ್ಕಟ್ಟಾಗಿ ಬಿಟ್ಟರೆ ಜೋಡಿ ಗೂಡು, ಕಲೆ ಗೂಡು. ಬಾಡಿಗೆ ಚಂದ್ರಿಕೆ ತಂದರೆ ಬಿಸಿಲಿಗೆ ಒಣಗಿಸಿ ಔಷಧಿ ಹೊಡೆಯದೆ ಒಳಗೆ ತರಬೇಡಿ.

ರೀಲಿಂಗ್ ವಿಚಾರ. ಇದು ಮೇಯಿಸೋದರ ಮುಂದಿನ ಮೆಟ್ಟಿಲು ಅಂತ ಅನ್ನಿಸುತ್ತೆ, ಆದರೆ ಬೇರೆಯದೇ ವ್ಯಾಪಾರ. ಹತ್ತು ಬೇಸಿನ್ನಿನ (ಗೂಡು ಹಾಕೋ ಬಿಸಿನೀರಿನ ತೊಟ್ಟಿ) ಮಲ್ಟಿ ಎಂಡ್ ಘಟಕ, ಅಂದರೆ ಒಂದೊಂದು ತೊಟ್ಟಿಯಿಂದ ಒಟ್ಟಿಗೆ ಹಲವು ಎಳೆ ಸುತ್ತೋ ಯಂತ್ರ, ದಿನಕ್ಕೆ ಸುಮಾರು ಅರ್ಧ ಕ್ವಿಂಟಾಲ್ ಗೂಡು ಕೇಳುತ್ತೆ. ನಿಮ್ಮ 250 ಮೊಟ್ಟೆಯ ಬೆಳೆಯಿಂದ 150 ಕೆ.ಜಿ. ಬಂತು ಅಂದುಕೊಳ್ಳಿ, ಮೂರು ದಿನಕ್ಕೆ ಮುಗೀತು. ಉಳಿದ 27 ದಿನ ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಹಳೇ ರೀಲರ್‌ಗಳ ಜೊತೆ ಹರಾಜಿನಲ್ಲಿ ನಿಂತು ಗೂಡು ಕೊಳ್ಳಬೇಕು, ನೂಲು ಮಾರಿ ದುಡ್ಡು ಕೈಗೆ ಬರೋವರೆಗೂ ಬಂಡವಾಳ ತಡೆಯಬೇಕು. ಇಲ್ಲಿ ಯಂತ್ರಕ್ಕಿಂತ ಓಡಾಡೋ ದುಡ್ಡು ದೊಡ್ಡದು. ಒಳ್ಳೆ ದ್ವಿತಳಿ ಗೂಡು 6ರಿಂದ 6.5 ಕೆ.ಜಿ.ಗೆ ಒಂದು ಕೆ.ಜಿ. ನೂಲು ಕೊಡುತ್ತೆ, ಹಳದಿ ಗೂಡಿನ ಮಿಶ್ರತಳಿಗೆ 8 ಕೆ.ಜಿ. ಹತ್ತಿರ ಬೇಕು. ಗೂಡು ನೋಡಿ ಇದನ್ನ ಅಂದಾಜು ಮಾಡೋ ಕಣ್ಣು ಬರೋ ಮೊದಲು ಘಟಕ ಹಾಕಿದರೆ ಪ್ರತಿ ಲಾಟಿನಲ್ಲೂ ನಷ್ಟ. ಆ ಕಣ್ಣು ಬರೋಕೆ ಈಗಿನಿಂದಲೇ ದಾರಿ ಇದೆ. ನಿಮ್ಮ ಗೂಡು ಕೊಂಡ ರೀಲರ್‌ನ ಕೇಳಿ, ಎಷ್ಟು ಕೆ.ಜಿ.ಗೆ ಎಷ್ಟು ನೂಲು ಬಂತು, ಎಲ್ಲಿ ಎಳೆ ಹರೀತು ಅಂತ ಅದೇ ಪುಟದಲ್ಲಿ ಬರೆದಿಡಿ. ಒಂದು ವರ್ಷ ಹತ್ತು ಬೆಳೆಯ ಲೆಕ್ಕ ಕೂಡಿದ ಮೇಲೆ ಘಟಕದ ಮಾತು.

ಸಾಲದ ಕಂತನ್ನ ಒಳ್ಳೆ ದರದ ಮೇಲೆ ಕಟ್ಟಬೇಡಿ. ಹಿಂದಿನ ಒಂದೆರಡು ವರ್ಷದ ಕಡಿಮೆ ದರ ಹಿಡಿದು, ಹತ್ತರಲ್ಲಿ ಎರಡು ಬೆಳೆ ಹೋಯ್ತು ಅಂತ ತೆಗೆದುಹಾಕಿ, ಉಳಿದ ಎಂಟರಲ್ಲಿ ಕಂತು, ಸೊಪ್ಪಿನ ಗೊಬ್ಬರ, ಮನೆ ಖರ್ಚು ಹೊರಡುತ್ತಾ ನೋಡಿ. ಹೊರಡದಿದ್ದರೆ ಶೆಡ್ ಇನ್ನೂ ಚಿಕ್ಕದಾಗಲಿ.

ಈ ವಾರ ಒಂದು ಕೆಲಸ ಮಾಡಿ. ಬೋರ್ ನೀರನ್ನ 200 ಲೀಟರ್ ಡ್ರಮ್ಮಿಗೆ ಬಿಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತೆ, ಸತತವಾಗಿ ಎಷ್ಟು ಗಂಟೆ ಓಡುತ್ತೆ, ಎರಡನ್ನೂ ಇಲ್ಲಿ ಹಾಕಿ. ಎರಡನೇ ತಾಕು ಎಷ್ಟು ದೊಡ್ಡದು ಮಾಡಬಹುದು ಅಂತ ಅದನ್ನ ನೋಡಿ ಹೇಳೋಣ.