ಕೆಂಪು, ನೀಲಿ ಸಿಗಡಿ ಬೆರೆತು ಮರಿಗಳು ಕಂದಾಗಿವೆಯೇ?

ಕೆಂಪು ಚೆರ್ರಿ ಸಿಗಡಿ, ನೀಲಿ ಸಿಗಡಿ ಎರಡನ್ನೂ ಒಂದೇ ಅಕ್ವೇರಿಯಂ ಟ್ಯಾಂಕಿಗೆ ಬಿಟ್ಟಿರಿ, ಈಗ ಮರಿಗಳೆಲ್ಲ ಮಣ್ಣಿನ ಬಣ್ಣ, ಇದು ರೋಗವೇ ಎಂದು ಕೇಳಿದ್ದೀರಿ. ರೋಗ ಅಲ್ಲ. ಎರಡೂ ನಿಯೋಕ್ಯಾರಿಡಿನಾ ಡೇವಿಡಿ ಎಂಬ ಒಂದೇ ಜಾತಿ. ಕಾಡು ಸಿಗಡಿಯ ಬಣ್ಣವೇ ಕಂದು. ಕೆಂಪು, ನೀಲಿಯೆಲ್ಲ ಜನ ತಲೆಮಾರುಗಟ್ಟಲೆ ಆರಿಸಿ ಉಳಿಸಿಕೊಂಡದ್ದು. ಬೆರೆಸಿದರೆ ಹಳೇ ಬಣ್ಣ ಮೇಲೇಳುತ್ತದೆ, ಅಷ್ಟೇ.

ಈ ಮರಿಗಳಿಂದ ಮತ್ತೆ ಅಚ್ಚ ಕೆಂಪು ತೆಗೆಯಲು ಹೊರಡಬೇಡಿ. ನಾನು ಹೊರಟಿದ್ದೆ, ಸುಮ್ನೆ ಒಂದು ವರ್ಷ ಹೋಯಿತು. ಬೇರೆ ಟ್ಯಾಂಕಿನಲ್ಲಿ ಪಾಚಿ ತಿಂದುಕೊಂಡು ಇರಲಿ. ಕೆರೆಗೆ ಮಾತ್ರ ಬಿಡಬೇಡಿ.

ಹಳೆಯ ಕೆಂಪು ಸಿಗಡಿಗಳನ್ನಷ್ಟೇ ಎತ್ತಿ ಹೊಸದಾಗಿ ಶುರು ಮಾಡಿ. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣುಗಳು ಈಗಲೇ ಬೇಡ. ಆ ಮೊಟ್ಟೆಗಳ ಅಪ್ಪ ಯಾರೋ! 3-4 ವಾರದಲ್ಲಿ ಮರಿ ಹೊರಬಂದ ಮೇಲೆ ತಾಯಿಯನ್ನಷ್ಟೇ ಸೇರಿಸಿ. ಈ ಕೆಂಪು ಗುಂಪಿಗೆ ಹುಟ್ಟುವ ಮರಿಗಳು ಸುಮಾರು 3 ತಿಂಗಳಿಗೆ ಬೆಳೆಯುತ್ತವೆ, ಆಗ ಆರಿಸಿ. ಹೆಣ್ಣಾದರೆ ಕಾಲಿನವರೆಗೂ ಬಣ್ಣ ದಟ್ಟವಾಗಿರಬೇಕು, ಮೈ ಪಾರದರ್ಶಕವಾಗಿ ಕಾಣಬಾರದು. ಗಂಡು ಹುಟ್ಟಾ ಮಂಕು. ಅದನ್ನು ಹೆಣ್ಣಿನ ಪಕ್ಕ ಇಟ್ಟು ಅಳೆಯಬೇಡಿ, ಗಂಡುಗಳಲ್ಲೇ ಒಳ್ಳೆಯದನ್ನು ಹುಡುಕಿ. ಎಷ್ಟೋ ಜನ ಹೆಣ್ಣನ್ನಷ್ಟೇ ಆರಿಸುತ್ತಾರೆ. ಅರ್ಧ ಗುಣ ಅಪ್ಪನದ್ದೂ ಅಲ್ವಾ?

ಇನ್ನೊಂದು, ಕೆಳಗೆ ಕಪ್ಪು ಮರಳು ಹಾಕಿ. ಬಿಳಿ ಮರಳಿನ ಮೇಲೆ ಒಳ್ಳೆಯ ಸಿಗಡಿಯೂ ಬಿಳಚಿಕೊಳ್ಳುತ್ತದೆ, ನಿಮ್ಮ ಆಯ್ಕೆ ತಪ್ಪುತ್ತದೆ.