ಟರ್ಬೊ ಇರುವ ಸ್ಪೋರ್ಟ್ಸ್ ಕಾರಿಗೆ ಎಂಥ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಆರಿಸಬೇಕು?

ಎಂಜಿನ್ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ಒಯ್ಯುವ ಈ ಭಾಗ, ದಿನಾ ಓಡಿಸುವ ಕಾರಾದರೆ ಎರಕದ ಕಬ್ಬಿಣದ್ದೇ ಸಾಕು. ಭಾರ ಹೆಚ್ಚು, ನೋಡಲೂ ಚೆಂದವಿಲ್ಲ ನಿಜ. ಆದರೆ ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಒಳಗಿನ ಜಾಗ ಕಡಿಮೆಯಾದ್ದರಿಂದ ಟರ್ಬೊ ಬೇಗ ವೇಗ ಹಿಡಿಯುತ್ತದೆ.

ಟ್ರ್ಯಾಕ್‌ನಲ್ಲಿ ಹೆಚ್ಚಿನ ಆರ್‌ಪಿಎಂನ ಪವರ್ ಬೇಕೆಂದರೆ ಸಮ ಉದ್ದದ ಕೊಳವೆಗಳ ಸ್ಟೇನ್‌ಲೆಸ್ ಸ್ಟೀಲ್ ಮ್ಯಾನಿಫೋಲ್ಡ್ ನೋಡಿ. 304ಕ್ಕಿಂತ 321 ದರ್ಜೆ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಬೆಲೆಯೂ ಹೆಚ್ಚು. ತೆಳು ಕೊಳವೆಯ ಅಗ್ಗದ ಮಾಲಾದರೆ ಟರ್ಬೊ ತೂಕಕ್ಕೆ ಬೆಸುಗೆಯೇ ಬಿಟ್ಟುಕೊಳ್ಳಬಹುದು. ಟರ್ಬೊಗೆ ಬೇರೆ ಆಧಾರ ಕೊಡಿ.

ಟ್ವಿನ್-ಸ್ಕ್ರಾಲ್ ಟರ್ಬೊ (ಹೊಗೆ ಒಳಬರಲು ಎರಡು ಪ್ರತ್ಯೇಕ ದಾರಿ ಇರುವಂಥದ್ದು) ಇದ್ದು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಇಂಧನ ಉರಿಯುವ ಕ್ರಮ) 1-3-4-2 ಆಗಿದ್ದರೆ 1 ಮತ್ತು 4ನೇ ಸಿಲಿಂಡರ್‌ಗಳ ಹೊಗೆ ಒಂದು ದಾರಿ, 2 ಮತ್ತು 3ನೆಯವುಗಳದ್ದು ಇನ್ನೊಂದು ದಾರಿ ಹಿಡಿದು ಟರ್ಬೊದ ಟರ್ಬೈನ್ ಚಕ್ರ ಸೇರಬೇಕು. ಟರ್ಬೊಗೆ ಬೋಲ್ಟ್ ಹಾಕಿ ಜೋಡಿಸುವ ಫ್ಲ್ಯಾಂಜ್‌ನ ಅಳತೆ ಹೊಂದಲೇಬೇಕು. ಹೆಚ್ಚಾದ ಹೊಗೆಯನ್ನು ಟರ್ಬೈನ್‌ಗೆ ಹೋಗದಂತೆ ಹೊರಬಿಡುವ ಕವಾಟವಾದ ಹೊರಗಿನ ವೇಸ್ಟ್‌ಗೇಟ್‌ನ ಕವಲು ಹರಿವಿನ ದಿಕ್ಕಿಗೆ ತಿರುಗಿರದಿದ್ದರೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಹಿಡಿತ ತಪ್ಪಬಹುದು. ಹೊಳಪು ನೋಡಿ ಕೊಳ್ಳುವವರು ಮರೆಯುವುದು ಇದನ್ನೇ.